ಕೈಕಟ್ಟಿ ನಿಲ್ಲುವ ಪಾಠ

ನಾನು ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವನು. ಗೋಣಿಬೀಡಿನ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ಸಾಹುಕಾರರ ಪಿಕಪ್ ಓಡಿಸುತ್ತೇನೆ. ಓದುವವಳು ನನ್ನ ತಂಗಿ. ಅವಳ ಹೈಸ್ಕೂಲಿನಲ್ಲಿ ಮುಂದಿನ ವರ್ಷ ಇಂಗ್ಲಿಷ್ ಮೀಡಿಯಂ ಸೆಕ್ಷನ್ ಶುರುವಾಗುತ್ತದೆ ಎಂದರು. ಕನ್ನಡ ಮೀಡಿಯಂನವರು ಅದಕ್ಕೆ ಸೇರಬೇಕೆಂದರೆ ಬರೆಯುವ ಪರೀಕ್ಷೆ ಒಂದು, ಟೀಚರ್ ಎದುರು ಇಂಗ್ಲಿಷಿನಲ್ಲಿ ಮಾತಾಡುವ ಪರೀಕ್ಷೆ ಒಂದು. ಬರೆಯುವುದರಲ್ಲಿ ಅವಳು ಪಾಸಾಗಿದ್ದಳು. ಮಾತಾಡುವುದರಲ್ಲಿ ಎಡವಿದರೆ ಸೀಟು ಇಲ್ಲ.

ಎಡವುವವಳಲ್ಲ ಅವಳು. ಕಣದಲ್ಲಿ ಕಾಫಿ ಒಣಗಿಸುವಾಗ ನಾಯಿಗೂ ಇಂಗ್ಲಿಷಿನಲ್ಲೇ ಬೈಯುತ್ತಿದ್ದಳು. ನನಗಿದ್ದ ಹೆದರಿಕೆ ಬೇರೆ. ಇವಳ ಬಾಯಿ ಹೆಚ್ಚಾಯಿತು, ದೊಡ್ಡವರ ಎದುರು ಮರ್ಯಾದೆ ಕಳೆಯುತ್ತಾಳೆ ಅಂತ.

ಅಮ್ಮ ಕಾಫಿ ಹಣ್ಣು ಕೊಯ್ಯಲು ಹೋಗಿದ್ದರಿಂದ ಅವತ್ತು ನಾನೇ ಪಿಕಪ್ಪಿನಲ್ಲಿ ಕರೆದುಕೊಂಡು ಹೋದೆ. ದಾರಿಯಲ್ಲಿ ಹೇಳಿದೆ.

"ನೋಡು, ಟೀಚರ್ ಮುಖ ನೋಡ್ಕೊಂಡು ಮಾತಾಡ್ಬೇಡ. ಕೈ ಕಟ್ಟು. ತಲೆ ತಗ್ಸು. ಕೇಳಿದ್ದಕ್ಕಷ್ಟೇ ಹೇಳು."

"ಅದು ಮಾತಾಡೋ ಪರೀಕ್ಷೆ ಮಾರಾಯ!"

"ಗೊತ್ತು. ಅಧಿಕಪ್ರಸಂಗಿ ಅನ್ನಿಸ್ಕೋಬೇಡ."

ನಾನು ಹೇಳಿದರೆ ಅವಳು ಕೇಳುತ್ತಾಳೆ. ಅದೇ ತಪ್ಪಾಯಿತು.

ಕಿಟಕಿಯ ಹೊರಗೆ ನಿಂತು ನೋಡಿದೆ. ಟೀಚರ್ ಇಂಗ್ಲಿಷಿನಲ್ಲಿ ಏನೋ ಉದ್ದಕ್ಕೆ ಕೇಳಿದರು. ತಂಗಿ ನೆಲ ನೋಡಿಕೊಂಡು "ಯೆಸ್ ಮೇಡಂ" ಎಂದಳು. ಮತ್ತೆ ಕೇಳಿದರು. "ನೋ ಮೇಡಂ." ಎಷ್ಟು ಚೆನ್ನಾಗಿ ನಿಂತಿದ್ದಾಳೆ ಎಂದು ನನಗೆ ಹೆಮ್ಮೆಯಾಯಿತು.

ಟೀಚರ್ ನನ್ನನ್ನು ಒಳಗೆ ಕರೆದರು.

"ಕ್ಲಾಸಲ್ಲಿ ನನ್ನ ತಲೆ ತಿನ್ನೋ ಹುಡ್ಗಿ ಇವ್ಳು. ಇವತ್ತು ಏನಾಯ್ತು? ಹೀಗಾದ್ರೆ ನಾನು ಮಾರ್ಕ್ಸ್ ಎಲ್ಲಿಂದ ಕೊಡ್ಲಿ? ಯಾರು ಹೇಳ್ಕೊಟ್ರು ಹಿಂಗೆ ನಿಲ್ಲೋಕೆ?"

ಟೀಚರ್ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆಗ ನನಗೂ ಕಂಡಿತು. ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡಿದ್ದೆ. ಕೈ ಕಟ್ಟಿದ್ದೆ. ತಲೆ ತಗ್ಗಿಸಿದ್ದೆ. ಅಣ್ಣ ತಂಗಿ ಇಬ್ಬರೂ ಪಕ್ಕಪಕ್ಕ ಒಂದೇ ಥರ ನಿಂತಿದ್ದೆವು.

"ಕೂತ್ಕೊಳ್ಳಿ," ಎಂದರು.

"ಪರ್ವಾಗಿಲ್ಲ ಮೇಡಂ."

"ನೀವು ಕೂತ್ರೆ ಇನ್ನೊಂದ್ಸಲ ಕೇಳ್ತೀನಿ. ಇಲ್ಲಾಂದ್ರೆ ಇಲ್ಲ."

ಬೆಂಚಿನ ತುದಿಯಲ್ಲಿ ಕೂತೆ. ಟೀಚರ್ ತಂಗಿಗೆ ಕನ್ನಡದಲ್ಲೇ ಹೇಳಿದರು: "ನಿಮ್ಮಣ್ಣನ ಬಗ್ಗೆ ಹೇಳು. ನನ್ನ ಮುಖ ನೋಡಿ ಹೇಳು."

ಅವಳು ನನ್ನನ್ನು ನೋಡಿದಳು. ನಾನು ತಲೆಯಾಡಿಸಿದೆ. ಇಂಗ್ಲಿಷಿನಲ್ಲಿ ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. ನನಗೆ ಬ್ರದರ್, ಪಿಕಪ್, ಎಸ್ಟೇಟ್ ಇಷ್ಟು ತಿಳಿಯಿತು. ಒಂದು ಕಡೆ ಟೀಚರ್ ನಕ್ಕರು. ಆಮೇಲೆ ನನ್ನ ಕಡೆ ನೋಡಿ ನಗು ನಿಲ್ಲಿಸಿದರು. ಸೀಟು ಸಿಕ್ಕಿತು.

ವಾಪಸ್ ಬರುವಾಗ ಕೇಳಿದೆ. "ಏನಂದೆ ನನ್ನ ಬಗ್ಗೆ?"

"ಪಿಕಪ್ ಓಡಿಸ್ತಾನೆ ಅಂದೆ. ಘಾಟಿಲೂ ಹೆದ್ರಲ್ಲ ಅಂದೆ."

"ಟೀಚರ್ ನಕ್ಕಿದ್ದು ಯಾಕೆ?"

ಅವಳು ಕಿಟಕಿಯ ಕಡೆ ತಿರುಗಿದಳು. "ಸಾವ್ಕಾರ್ರ ಜೀಪು ಕಂಡ್ರೆ ಮಾತ್ರ ಗಾಡಿ ನಿಲ್ಸಿ ಕೆಳಗೆ ಇಳೀತಾನೆ ಅಂದೆ. ಬೇಜಾರಾಯ್ತಾ?"

"ಇಲ್ಲ ಬಿಡು," ಎಂದೆ. ಆಗಿತ್ತು. ಇನ್ನು ಇಳಿಯಬಾರದು ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಎಸ್ಟೇಟಿನ ಗೇಟಿನ ಹತ್ತಿರವೇ ಜೀಪು ಎದುರಾಯಿತು. ಸಾಹುಕಾರರು ಕೆಟ್ಟವರಲ್ಲ. ಇಳಿ ಎಂದು ಯಾವತ್ತೂ ಹೇಳಿದವರಲ್ಲ. ಕೂತಲ್ಲಿಂದಲೇ ನಮಸ್ಕಾರ ಹೇಳಬಹುದಿತ್ತು. ಆದರೆ ಗಾಡಿ ನಿಂತಿದ್ದೇ ತಡ, ನನ್ನ ಕೈ ಬಾಗಿಲು ತೆಗೆದಿತ್ತು. ಇಳಿದೆ. ಟೋಪಿಯೂ ಕಂಕುಳಿಗೆ ಬಂತು.

"ತಂಗಿದು ಏನಾಯ್ತೋ?" ಎಂದು ಕೇಳಿದರು.

ನಾನು ನೆಲ ನೋಡಿಕೊಂಡು ಬಾಯಿ ತೆಗೆಯುವಷ್ಟರಲ್ಲಿ ಹಿಂದಿನಿಂದ ದನಿ ಬಂತು. "ಸೀಟು ಸಿಕ್ತು ಸಾರ್!"

ತಂಗಿ ಪಿಕಪ್ಪಿನಿಂದ ಇಳಿದಿರಲಿಲ್ಲ.