ತೊಂಡಿ ಕೋಣೆಯ ಆಯುಧಪೂಜೆ

1990ರ ಆಸುಪಾಸಿನಲ್ಲಿ ನಾನು ಕಾಸರಗೋಡಿನ ಒಂದು ಕೋರ್ಟಿನಲ್ಲಿ ತೊಂಡಿ ಕೋಣೆಯ ಗುಮಾಸ್ತನಾಗಿದ್ದೆ. ತೊಂಡಿ ಎಂದರೆ ಕೇಸಿನ ಸಾಕ್ಷಿಗಾಗಿ ಪೊಲೀಸರು ತಂದೊಪ್ಪಿಸುವ ಸಾಮಾನು: ಕತ್ತಿ, ಸಾರಾಯಿ ಬಾಟಲಿ, ರಕ್ತ ಹತ್ತಿದ ಅಂಗಿ. ಅವುಗಳಿಗೆ ಚೀಟಿ ಕಟ್ಟಿ, ಅರಗಿನ ಮುದ್ರೆ ಒತ್ತಿ, ದೂರದ ಪ್ರಯೋಗಾಲಯಕ್ಕೆ ಕಳುಹಿಸುವುದು ನನ್ನ ಕೆಲಸ. ನನ್ನಷ್ಟು ಶಿಸ್ತಿನ ಗುಮಾಸ್ತ ಜಿಲ್ಲೆಯಲ್ಲಿ ಇನ್ನೊಬ್ಬನಿಲ್ಲ ಎಂದು ನಂಬಿದ್ದೆ. ಬೇರೆ ಯಾರೂ ಹಾಗೆ ಹೇಳಿದ್ದು ನೆನಪಿಲ್ಲ.

ಆ ವರ್ಷ ಹೊಸಂಗಡಿ ಕಡೆಯಿಂದ ಒಂದು ಉದ್ದನೆಯ ಚೂರಿ ಬಂತು. ಅದರ ಯಜಮಾನ ಕೊಂಕಣಿ ಕ್ರೈಸ್ತ, ಮದುವೆ ಮನೆಗಳಿಗೆ ಹಂದಿ ಕಡಿದು ಕೊಡುವವನು. ಅವನ ನೆರೆಯವನಿಗೆ ಯಾರೋ ಹಿಂದಿನಿಂದ ಇರಿದಿದ್ದರು. ಇಬ್ಬರಿಗೂ ಬೇಲಿಯ ಜಗಳವಿತ್ತು, ಇವನ ಚೂರಿಯಲ್ಲಿ ರಕ್ತವಿತ್ತು. ಪೊಲೀಸರಿಗೆ ಅಷ್ಟು ಸಾಕಾಯಿತು.

ಜಾಮೀನಿನ ಮೇಲಿದ್ದ ಅವನು ಪ್ರತಿ ವಾಯಿದೆಗೂ ನನ್ನ ಮೇಜಿನ ಮುಂದೆ ಬಂದು ನಿಲ್ಲುತ್ತಿದ್ದ. "ಅದು ಹಂದಿಯ ರಕ್ತ ಮಾರಾಯ್ರೆ. ಪರೀಕ್ಷೆ ಮಾಡಿದ್ರೆ ಗೊತ್ತಾಗ್ತದಲ್ಲ?"

ಗೊತ್ತಾಗುತ್ತಿತ್ತು. ಮನುಷ್ಯನದೋ ಪ್ರಾಣಿಯದೋ ಎಂದು ಪ್ರಯೋಗಾಲಯ ಹೇಳಬಲ್ಲದು. ಮದುವೆ ಮನೆಯವರು ಆಗಲೇ ಅವನನ್ನು ಕರೆಯುವುದು ಬಿಟ್ಟಿದ್ದರು. ಆ ಒಂದು ಕಾಗದ ಬಂದರೆ ಮತ್ತೆ ಕರೆದಾರು ಎಂದು ಕಾಯುತ್ತಿದ್ದ.

ಚೂರಿ ಕಳುಹಿಸುವ ಪತ್ರಕ್ಕೆ ಸಹಿ ಬೀಳುವ ಮೊದಲೇ ನವರಾತ್ರಿ ಬಂತು. ಆಯುಧಪೂಜೆಗೆ ಟೈಪ್‌ರೈಟರಿಗೂ ಗಂಧ ಹಚ್ಚುವುದು ನಮ್ಮಲ್ಲಿ ಪದ್ಧತಿ. ನಿಜವಾದ ಆಯುಧಗಳಿರುವುದು ನನ್ನ ಕೋಣೆಯಲ್ಲಲ್ಲವೇ ಎಂದು ನನಗೆ ಭಕ್ತಿ ಉಕ್ಕಿತು. ಮಳೆಗಾಲದ ತೇವಕ್ಕೆ ಪೊಟ್ಟಣಗಳು ಹೇಗೂ ಬಿಚ್ಚಿಕೊಂಡಿದ್ದವು. ಮುಗಿದ ಕೇಸಿನವು ಯಾವುವು, ಮುಗಿಯದವು ಯಾವುವು ಎಂದು ನೋಡುವ ತಾಳ್ಮೆ ಭಕ್ತಿಗೆ ಇರಲಿಲ್ಲ. ಕತ್ತಿ ಚೂರಿ ಎಲ್ಲವನ್ನೂ ಹುಣಸೆಹುಳಿ ಹಾಕಿ ತಿಕ್ಕಿ ತೊಳೆದೆ, ಗಂಧ ಅರಿಶಿನ ಇಟ್ಟೆ, ಆರತಿ ಎತ್ತಿದೆ. ಮತ್ತೆ ಹೊಸ ಕಾಗದ, ಹೊಸ ಅರಗು. ಅಷ್ಟು ಅಚ್ಚುಕಟ್ಟಾದ ಮುದ್ರೆಯನ್ನು ನಾನು ಹಿಂದೆಂದೂ ಒತ್ತಿರಲಿಲ್ಲ.

ತಿಂಗಳುಗಳ ಮೇಲೆ ವರದಿ ಬಂತು. ಚೂರಿಯಲ್ಲಿ ರಕ್ತ ಕಂಡುಬಂದಿಲ್ಲ. ಗಂಧ ಮತ್ತು ಅರಿಶಿನದ ಅಂಶವಿದೆ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಆ ಪೂಜಾರಿ ನಾನೇ. ಚೂರಿಗೆ ಗಂಧ ಹೇಗೆ ಹತ್ತಿತು ಎಂದು ನ್ಯಾಯಾಧೀಶರು ಕೇಳಿದಾಗ ಎಲ್ಲರೂ ಪೊಲೀಸರ ಕಡೆ ನೋಡಿದರು. ನಾನೂ ನೋಡಿದೆ.

ಸಂಶಯದ ಲಾಭ ಕೊಟ್ಟು ಅವನನ್ನು ಬಿಟ್ಟರು. ಅವನು ನೇರ ನನ್ನ ಮೇಜಿಗೆ ಬಂದ.

"ಬಿಡುಗಡೆ ಆಯ್ತಲ್ಲ, ಇನ್ನೆಂತ ಬೇಕು?" ಎಂದೆ, ನಗಲು ಯತ್ನಿಸುತ್ತ.

"ಇಷ್ಟು ದಿನ ಊರಿನವರಿಗೆ ಮಾತ್ರ ಸಂಶಯ ಇತ್ತು ಮಾರಾಯ್ರೆ. ಈಗ ಕೋರ್ಟೂ ಬರೆದು ಕೊಟ್ಟಿತು. ನನ್ನನ್ನು ಇನ್ನು ಯಾರು ಕರೀತಾರೆ? ಆ ಚೂರಿ ನೀವೇ ಇಟ್ಕೊಳ್ಳಿ."

ಆಗಲಾದರೂ ಹೇಳಬಹುದಿತ್ತು. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಕೆಲಸ ಹೋದೀತೆಂಬ ಹೆದರಿಕೆ. ಚೂರಿ ಬೇಡವೆಂದು ಅವನ ಹೆಸರಿನಲ್ಲಿ ಒಂದು ಅರ್ಜಿ ಬರೆದು ಅವನ ಮುಂದೆ ಸರಿಸಿದೆ.

"ಇಲ್ಲಿ ಸಹಿ ಹಾಕಿ," ಎಂದೆ.