ಪಾಸ್‌ವರ್ಡ್ ಕೇಳದ ಬಾಗಿಲು

ಪಾಸ್‌ವರ್ಡ್ ಟೈಪ್ ಮಾಡುವಾಗ ಪರದೆಯ ಮೇಲೆ ಒಂದು ಚುಕ್ಕೆಯೂ ಮೂಡದಿದ್ದರೆ ನನಗೆ ಅವಮಾನವಾಗುತ್ತದೆ. ಮೆಟ್ರಿಕ್ ಮುಗಿಸಿದ ಮುದುಕನನ್ನು ಮತ್ತೆ ಪರೀಕ್ಷೆಗೆ ಕೂರಿಸಿದಂತೆ.

ನಾನಿರುವುದು ಸಿಡ್ನಿಯ ಬ್ಲ್ಯಾಕ್‌ಟೌನ್‌ನಲ್ಲಿ. ಧಾರವಾಡದ ಗೆಳೆಯ ಚನ್ನಬಸಪ್ಪ ಮೆಲ್ಬರ್ನ್‌ನಲ್ಲಿ. ಅವನ ಮೊಮ್ಮಕ್ಕಳಿರುವುದು ಮಾತ್ರ ನನ್ನ ಹತ್ತಿರ, ರೌಸ್ ಹಿಲ್‌ನಲ್ಲಿ. ಅವನು ಮೆಲ್ಬರ್ನ್‌ನಲ್ಲೇ ಅವರಿಗಾಗಿ ಕಥೆ ಹೇಳಿ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡುತ್ತಿದ್ದ. ನಾನು ಇಲ್ಲಿಂದಲೇ ಆ ಕಂಪ್ಯೂಟರಿಗೆ ಲಾಗಿನ್ ಆಗಿ, ಕಥೆ ಇಳಿಸಿಕೊಂಡು, ಸಿ.ಡಿ. ಮಾಡಿ ಮಕ್ಕಳಿಗೆ ಮುಟ್ಟಿಸುತ್ತಿದ್ದೆ. ಪಾಸ್‌ವರ್ಡ್ ಪ್ರತಿ ಸಲ ಮರೆಯುತ್ತಿತ್ತು, ಪ್ರತಿ ಸಲ ಫೋನ್ ಮಾಡುತ್ತಿದ್ದೆ. “ಈಗ ಯಾಕ ಬೇಕಲೇ?” ಎಂದು ವಿಚಾರಿಸಿಯೇ ಹೇಳುತ್ತಿದ್ದ.

ಆ ರಗಳೆ ತಪ್ಪಲೆಂದು ಇಂಟರ್ನೆಟ್ಟಿನಲ್ಲಿ ಓದಿ ಕೀಲಿಕೈಗಳ ಜೋಡಿಯೊಂದನ್ನು ಮಾಡಿಕೊಂಡೆ. ಕೀಲಿಕೈ ಎಂದರೆ ಕಂಪ್ಯೂಟರಿನ ಪುಟ್ಟ ಫೈಲು, ಅಷ್ಟೇ. ಗುಟ್ಟಿನದು ನನ್ನಲ್ಲೇ ಇರುತ್ತದೆ. ಇನ್ನೊಂದು ಹೆಸರಿಗೆ ಕೀಲಿಕೈ, ಕೆಲಸದಲ್ಲಿ ಬೀಗ. ಅದನ್ನು ಅವನ ಕಂಪ್ಯೂಟರಿಗೆ ಸೇರಿಸಿದರಾಯಿತು, ಪಾಸ್‌ವರ್ಡಿನ ಮಾತೇ ಇಲ್ಲ. ಗುಟ್ಟಿನದನ್ನು ಎಲ್ಲರೂ ಓದುವಂತೆ ಇಟ್ಟಿದ್ದಕ್ಕೆ ನನ್ನ ಯಂತ್ರ ಮೊದಲು ಮುನಿಸಿಕೊಂಡಿತು. ನಾನೊಬ್ಬನೇ ಓದುವಂತೆ ಮಾಡಿದ ಮೇಲೆ ಬಾಗಿಲು ತೆರೆಯಿತು.

ಧಾರವಾಡದ ನಮ್ಮ ಓಣಿಯಲ್ಲಿ ಬಾಗಿಲು ತೆರೆದೇ ಇರುತ್ತಿತ್ತು. ಆದರೂ ಅಂಗಳದಿಂದ “ಮನ್ಯಾಗ ಅದಾರೇನ್ರಿ?” ಎಂದು ಕೂಗಿಕೊಂಡೇ ಹೋಗುತ್ತಿದ್ದೆವು. ಒಳಗಿನವರು ಸೆರಗು ಸರಿಮಾಡಿಕೊಳ್ಳುವಷ್ಟು ಹೊತ್ತು ಕೊಡುವ ಕೂಗು ಅದು. ಕಂಪ್ಯೂಟರಿಗೆ ಆ ರಿವಾಜು ಗೊತ್ತಿಲ್ಲ. ಬಂದವನು ಯಾರೆಂದು ನೋಡುತ್ತದೆ, ಯಾಕೆ ಬಂದನೆಂದು ಕೇಳುವುದಿಲ್ಲ.

ಕೇಳುವವರಿಲ್ಲದಾಗ ನನ್ನಂಥವನಿಗೆ ಇಲ್ಲದ ಕೆಲಸ ಹುಟ್ಟುತ್ತದೆ. ಚನ್ನಬಸಪ್ಪನ ಕಥೆಗಳ ನಡುವೆ ಅವನ ಹೆಂಡತಿ ನೀಲವ್ವ ಅಡುಗೆಮನೆಯಿಂದ ಕೂಗುತ್ತಿದ್ದಳು: “ಹುಲಿ ಅಲ್ರೀ, ತ್ವಾಳ! ಹುಡುಗ್ರಿಗೆ ಏನೇನರ ಹೇಳಬ್ಯಾಡ್ರಿ.” ನನ್ನ ಕಿವಿಗೆ ಅದು ಗದ್ದಲ. ಒಂದು ಮಧ್ಯಾಹ್ನ ಕಥೆಗಳನ್ನೆಲ್ಲ ಇಳಿಸಿಕೊಂಡೆ, ಅವಳ ದನಿಯನ್ನು ಕತ್ತರಿಸಿದೆ, ಚೊಕ್ಕ ಮಾಡಿದ್ದನ್ನು ಅವನ ಕಂಪ್ಯೂಟರಿನಲ್ಲಿ ಹಳೆಯದು ಅಳಿಸಿಹೋಗುವಂತೆ ಅದರ ಮೇಲೆಯೇ ಹಾಕಿದೆ. ಮಕ್ಕಳ ಸಿ.ಡಿ.ಗಳನ್ನೂ ಬದಲಾಯಿಸಿ ಹಳೆಯವನ್ನು ಕಸಕ್ಕೆ ಎಸೆದೆ. ಉಪಕಾರ ಮಾಡಿದೆನೆಂಬ ಹೆಮ್ಮೆ ಬೇರೆ.

ವಾರ ಕಳೆದು ಚನ್ನಬಸಪ್ಪನ ಮೊಮ್ಮಗಳು ನನ್ನನ್ನು ಕೇಳಿದಳು: “ಅಜ್ಜಾ, ವೇರ್ಸ್ ಅಜ್ಜಿ? ಶಿ ವಾಸ್ ದ ಫನ್ನಿ ಒನ್.”

ಮೆಲ್ಬರ್ನ್‌ಗೆ ಫೋನ್ ಮಾಡಿ ಒಪ್ಪಿಕೊಂಡೆ. ಚನ್ನಬಸಪ್ಪ “ಹೊಸದಾಗಿ ಹೇಳೋಣು ತಗೋ” ಎಂದ. ಹೇಳಿದರು ಕೂಡ. ಆದರೆ ಈಗ ನೀಲವ್ವನಿಗೆ ಮೈಕಿನ ಅರಿವಿದೆ. ಕುರ್ಚಿ ಎಳೆದುಕೊಂಡು ಕೂತು, ರೇಡಿಯೋದವರಂತೆ “ಅದು ತೋಳವಲ್ಲವೇ?” ಎನ್ನುತ್ತಾಳೆ. ಮಕ್ಕಳು ನಗಲಿಲ್ಲ. ನಾನು ಎಸೆದದ್ದು ಏನೆಂದು ಆಗ ಪೂರ್ತಿ ತಿಳಿಯಿತು.

ಮತ್ತೆ ಫೋನ್ ಮಾಡಿ, “ನನ್ನ ಕೀಲಿಕೈ ತಗದುಬಿಡೋ, ಇನ್ನ ಕೇಳಿಕೊಂಡೇ ಬರ್ತೇನಿ” ಎಂದೆ. ಅವನು ಏನೋ ಹೇಳಹೊರಟ. ಅಷ್ಟರಲ್ಲಿ ಅವನ ಹಿಂದಿನಿಂದ ನೀಲವ್ವನ ಕೂಗು: “ಇರ್ಲಿ ಬಿಡ್ರಿ ಅಣ್ಣಾರ! ಬರೂದು ಬರ್ರಿ, ಕತ್ತರಿ ಮಾತ್ರ ಚಪ್ಪಲಿ ಸಂಗಾಟ ಹೊರಗ ಬಿಟ್ಟ ಬರ್ರಿ!”

ಅದೇ ಹಳೆಯ ದನಿ. ಮೈಕಿನ ನೆನಪಿಲ್ಲದಾಗಷ್ಟೇ ಬರುವಂಥದು.