ಕೊನೆಯ ಸಾಲಿಲ್ಲದ ಕಚೇರಿ

"ಎಲ್ಲರೂ ಹಾಡೋರೇ ಕಣೇ, ಕೇಳೋರೆಲ್ಲಿ?" ಅಮೆರಿಕದ ಪೊಮೊನಾ ಊರಿನ ಹಾಲ್‌ನಲ್ಲಿ ಕುರ್ಚಿಯನ್ನು ಗೋಡೆಯವರೆಗೆ ಎಳೆದುಕೊಂಡು ನನ್ನ ಯಜಮಾನರು ಗೊಣಗಿದರು. ಯಾವ ಸಂಗೀತ ಕಚೇರಿಗೆ ಹೋದರೂ ಕೊನೆಯ ಸಾಲಿನಲ್ಲಿ ಕೂತು ತಪ್ಪು ಹುಡುಕುವ ಈ ಮನುಷ್ಯನಿಂದ ನನಗೆ ಸಾಕಾಗಿಹೋಗಿದೆ. ಇಲ್ಲಿ ಹಾಡುವವರೆಲ್ಲ ಚೌಕಾಕಾರವಾಗಿ ಎದುರುಬದುರು ಕೂತು, ಹತ್ತೊಂಬತ್ತನೇ ಶತಮಾನದ ಅಮೆರಿಕದ ಹಳ್ಳಿಗರು ಕಟ್ಟಿದ ದೇವರ ಹಾಡುಗಳನ್ನು, ಮೊದಲು ಸ್ವರ, ಆಮೇಲೆ ಸಾಹಿತ್ಯ ಎಂದು ಗಂಟಲು ಹರಿಯುವಂತೆ ಹಾಡುತ್ತಿದ್ದರು.

ಅಷ್ಟರಲ್ಲಿ ಒಬ್ಬ ಅಮೆರಿಕನ್ ಅಜ್ಜಿ ಬಂದು ಇವರ ಕೈಗೆ ಪುಸ್ತಕ ತುರುಕಿದರು. ಈ ಹಾಡುಗಳನ್ನು ಕಟ್ಟಿದವರು ಹಾಡುವವರಿಗಾಗಿ ಕಟ್ಟಿದ್ದೇ ಹೊರತು ಕೇಳುವವರಿಗಲ್ಲ ಎಂದು ಇಂಗ್ಲಿಷಿನಲ್ಲಿ ಗದರಿ, ಗಂಡುದನಿಯ ಸಾಲಿಗೆ ಎಳೆದೊಯ್ದರು. ಇವರ ಅಪಸ್ವರಕ್ಕೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಕಾರಿನಲ್ಲಿ "ಹೇಗಿತ್ರೀ?" ಎಂದೆ. "ಗಂಟಲು ಕಟ್ಟಿದೆ, ಮಾತಾಡಿಸ್ಬೇಡ" ಎಂದರು.

ಕಚೇರಿ ಮುಗಿಸಿ ಮನೆಗೆ ಬರುವಾಗ ನಮ್ಮ ಕಾರಿನಲ್ಲಿ ಶಾಂತಿ ಇದ್ದದ್ದು ಅದೇ ಮೊದಲು. ಆ ಹಾಡು ಕಟ್ಟಿದ ಪುಣ್ಯಾತ್ಮರಿಗೆ ಒಂದು ದೊಡ್ಡ ನಮಸ್ಕಾರ.